ಆಟಕ್ಕೆ ಟಿಕೆಟ್ ಇಲ್ಲ, ಖರ್ಚಿದೆ

ತಂಗಿಯ ಮಗಳೂ ಅವಳ ಗಂಡನೂ ಬಾಲಿಯ ಉಬುದ್‌ಗೆ ಹೊರಡುವ ಮುಂಚೆ ಖರ್ಚಿನ ಪಟ್ಟಿಯನ್ನು ನನಗೆ ಕಳಿಸಿದ್ದರು. ‘ಮಾವ, ಎಲ್ಲಿ ಕಡಿಮೆ ಮಾಡಬಹುದು ನೋಡು’ ಎಂದು. ವಿಮಾನ, ವೀಸಾ, ಹೋಟೆಲು, 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರ ಮೇಲೆ ಹಾಕಿರುವ 1.5 ಲಕ್ಷ ರುಪಿಯದ ಶುಲ್ಕ. ಆ ದ್ವೀಪದಲ್ಲಿ ರೈಲಿಲ್ಲ, ಹಾಗಾಗಿ ಡೆನ್‌ಪಸಾರ್ ವಿಮಾನ ನಿಲ್ದಾಣದಿಂದ ಉಬುದ್‌ವರೆಗೆ ಕಾರಿನ ಬಾಡಿಗೆ. ಎಲ್ಲಕ್ಕಿಂತ ಕೆಳಗೆ ನೃತ್ಯದ ಟಿಕೆಟ್ಟು. ಅರಮನೆಯ ಅಂಗಳದಲ್ಲಿ ಲೆಗಾಂಗ್ ನೋಡುವುದಕ್ಕೆ ತಲೆಗೆ ಒಂದು ಲಕ್ಷ ರುಪಿಯದ ಆಸುಪಾಸು. ಸೊನ್ನೆ ಎಣಿಸಿ ಗಾಬರಿಯಾಗಬೇಡಿ, ನಮ್ಮ ಐನೂರು ಚಿಲ್ಲರೆ ರೂಪಾಯಿ ಅಷ್ಟೇ. ಕಲೆಯ ಊರು ಎಂದು ಸಮುದ್ರ ದಾಟಿ ಹೋಗುವವರು ಕಲೆಗೆ ಎತ್ತಿಟ್ಟದ್ದು ಒಟ್ಟು ಖರ್ಚಿನಲ್ಲಿ ನೂರಕ್ಕೆ ಎರಡು ರೂಪಾಯಿಯೂ ಆಗಲಿಲ್ಲ.

ಅವರನ್ನು ಹಂಗಿಸುವ ಹಾಗಿಲ್ಲ. ಉತ್ತರ ಕನ್ನಡದ ಕರಾವಳಿಗೆ, ನಮ್ಮ ಕಡೆಗೆ ಬರುವ ಬೆಂಗಳೂರಿನ ಸ್ನೇಹಿತರ ಪಟ್ಟಿಯಲ್ಲಿ ಆ ಸಾಲೇ ಇರುವುದಿಲ್ಲ. ಮುರ್ಡೇಶ್ವರದ ಲಾಡ್ಜು, ದೋಣಿ ವಿಹಾರ, ಮೀನೂಟ, ಭಟ್ಕಳದ ಬಿರಿಯಾನಿ ಎಲ್ಲಕ್ಕೂ ಲೆಕ್ಕವಿದೆ. ಯಕ್ಷಗಾನದ ಆಟ ಮಾತ್ರ ಪುಕ್ಕಟೆ ಎಂದುಕೊಂಡಿರುತ್ತಾರೆ.

ಪುಕ್ಕಟೆ ಹೌದು, ನೋಡುವವರಿಗೆ. ನಮ್ಮ ಪಕ್ಕದ ಮನೆಯವರೊಬ್ಬರು ಮಗನಿಗೆ ನೌಕರಿಯಾದರೆ ಆಟ ಆಡಿಸುತ್ತೇನೆಂದು ಹರಕೆ ಹೊತ್ತಿದ್ದರು. ನೌಕರಿಯೇನೋ ಆಯಿತು, ದುಡ್ಡು ಇರಲಿಲ್ಲ. ಸೊಸೈಟಿಯಲ್ಲಿ ಆರ್‌ಡಿ ಮಾಡಿಸಿ, ಅಡಿಕೆ ಮಾರಿದಾಗೆಲ್ಲ ಕಟ್ಟಿ, ಅದು ಕೈಗೆ ಬಂದ ಮೇಲೆ ಮೇಳಕ್ಕೆ ವೀಳ್ಯ ಕೊಟ್ಟರು. ವೀಳ್ಯಕ್ಕೇ ಮುಗಿಯಲಿಲ್ಲ. ಚಪ್ಪರ, ಮೈಕು, ಲೈಟು, ಮೇಳದವರ ಊಟ, ನಡುರಾತ್ರಿ ಬಂದವರಿಗೆಲ್ಲ ಚಾ, ಅವಲಕ್ಕಿ. ‘ಅಣ್ಣ, ಮದುವೆ ಮಾಡಿದಷ್ಟೇ ಆಯ್ತು’ ಎಂದು ಬೆಳಗಿನ ಜಾವ ನಗುತ್ತಲೇ ಹೇಳಿದರು. ಅವರ ಗದ್ದೆಯಲ್ಲಿ ಕುಳಿತು ಆ ಆಟ ನೋಡಿದವರಲ್ಲಿ ಊರಿನವರೂ ಇದ್ದರು, ಹೆದ್ದಾರಿಯಲ್ಲಿ ಚಂಡೆಯ ಸದ್ದು ಕೇಳಿ ಕಾರು ನಿಲ್ಲಿಸಿದ ಪ್ರವಾಸಿಗರೂ ಇದ್ದರು. ಯಾರೂ ಒಂದು ರೂಪಾಯಿ ಕೊಟ್ಟಿಲ್ಲ, ಯಾರೂ ಕೇಳಲೂ ಇಲ್ಲ. ಉಬುದ್‌ನಲ್ಲಿ ನೋಡುವವನು ಕೊಡುತ್ತಾನೆ, ನಮ್ಮಲ್ಲಿ ಕರೆದವನು ಕೊಡುತ್ತಾನೆ.

ಕರೆದವನು ಕೊಡುವುದು ಹಳೆಯ ಪದ್ಧತಿಯೇ. 1840ರ ದಶಕದ ಆರಂಭದಲ್ಲಿ ಸಾಂಗ್ಲಿಯ ದೊರೆಯ ಮುಂದೆ ಕನ್ನಡದ ಮೇಳವೊಂದು ಆಡಿತು. ಅದು ನಮ್ಮ ಹೊನ್ನಾವರದ ಕರ್ಕಿಯದೇ ಎನ್ನುತ್ತಾರೆ. ಅದನ್ನು ಕಂಡ ದೊರೆ ಮರಾಠಿಯಲ್ಲೂ ಇಂಥದ್ದು ಬೇಕೆಂದ. 1843ರಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ನಾಟಕ ಹಾಗೆ ಹುಟ್ಟಿತು. ದೊರೆಗಳು ಹೋದರು, ಹರಕೆಯವರು ಉಳಿದಿದ್ದಾರೆ. ಬಯಲಾಟದ ಖರ್ಚೆಲ್ಲ ಈಗ ಅವರ ಆರ್‌ಡಿಯ ಮೇಲೆ ನಿಂತಿದೆ.

ಹಾಗಾಗಿ ಈ ಕರಾವಳಿಯಲ್ಲಿ ತಿರುಗಾಡುವಾಗ ನಾನೊಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಒಟ್ಟು ಖರ್ಚಿನಲ್ಲಿ ಹತ್ತನೇ ಒಂದು ಪಾಲನ್ನು ಹೊರಡುವ ಮೊದಲೇ ಬೇರೆ ಲಕೋಟೆಗೆ ಹಾಕುವುದು, ಅದು ಕಲೆಗೆ. ಉಳಿದ ಒಂಬತ್ತು ಪಾಲಿನಲ್ಲಿ ಪ್ರವಾಸ ಮುಗಿಯಬೇಕು, ಮುಗಿಯುತ್ತದೆ ಕೂಡ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿ ಕಳೆದು ಬೆಳಿಗ್ಗೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಎಲ್ಲಿ ಬೇಕೋ ಅಲ್ಲಿ ಇಳಿಯಬಹುದು, ಒಂದು ರಾತ್ರಿಯ ಲಾಡ್ಜು ಉಳಿಯಿತು. ಊರೂರಿಗೆ ಸರ್ಕಾರಿ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಮರೆಯಬೇಡಿ. ಶನಿವಾರ, ಭಾನುವಾರ ಮುರ್ಡೇಶ್ವರದಲ್ಲಿ ಕೋಣೆ ಹುಡುಕುವುದಕ್ಕಿಂತ ಹೊನ್ನಾವರ ಪೇಟೆಯಲ್ಲಿ ಉಳಿಯುವುದು ಜೇಬಿಗೆ ಹಿತ. ಮಳೆಗಾಲದಲ್ಲಿ ಬಂದರೆ ಹಸಿರು ಸಿಗುತ್ತದೆ, ಬಯಲಾಟ ಸಿಗುವುದಿಲ್ಲ. ಮೇಳಗಳ ತಿರುಗಾಟ ದೀಪಾವಳಿಯ ಹೊತ್ತಿಗೆ ಶುರುವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಇಂದು ಎಲ್ಲಿ ಆಟ ಎಂಬುದಕ್ಕೆ ಬಸ್‌ಸ್ಟ್ಯಾಂಡಿನ ಗೋಡೆ ನೋಡಿ, ಇಲ್ಲವೆ ಚಾ ಅಂಗಡಿಯಲ್ಲಿ ಕೇಳಿ.

ಲಕೋಟೆ ಮೊದಲು ಬಿಚ್ಚುವುದು ಗುಣವಂತೆಯಲ್ಲಿ. ಹೊನ್ನಾವರದಿಂದ ಭಟ್ಕಳದ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಇದು. ಮಗ ಶಂಭು ಹೆಗಡೆಯವರು ಇಲ್ಲಿಯೇ ಶ್ರೀಮಯ ಕಲಿಕಾ ಕೇಂದ್ರ ಮಾಡಿದರು, ಈಗ ಮೊಮ್ಮಗ ಶಿವಾನಂದ ಹೆಗಡೆಯವರು ನಡೆಸುತ್ತಿದ್ದಾರೆ. 2024ರಲ್ಲಿ ಮಂಡಳಿಗೆ ಯುನೆಸ್ಕೋದ ಮಾನ್ಯತೆಯೂ ಬಂತು. ಶಂಭು ಹೆಗಡೆಯವರ ಹೆಸರಿನ ನಾಟ್ಯೋತ್ಸವಕ್ಕೆ ದೇಶದ ಬೇರೆ ಬೇರೆ ಕಡೆಯ ಕಲಾವಿದರು ಬರುತ್ತಾರೆ. ಕೊಡುವುದಿದ್ದರೆ ಹೀಗೆ ಕಲಿಸುವ ಜಾಗಕ್ಕೆ ಕೊಡಿ, ರಸೀದಿ ಪಡೆಯಿರಿ. ಪ್ರಶಸ್ತಿ ಬಂದ ದಿನ ಹಾರ ಹಾಕುವವರು ಬೇಕಾದಷ್ಟು ಜನ, ಹುಡುಗರ ಗೆಜ್ಜೆಗೆ ಕೊಡುವವರು ಕಡಿಮೆ.

ಆಟದ ದಿನ ಬೇಗ ಹೋಗಿ, ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ಅನುಮತಿ ಕೇಳಿ ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ. ಕನ್ನಡಿಯ ಮುಂದೆ ಚಕ್ಕಳಮಕ್ಕಳ ಹಾಕಿದ ವೇಷಧಾರಿ ಬಟ್ಟೆಯನ್ನು ಸುತ್ತಿ, ದಾರದಿಂದ ಬಿಗಿದು, ಮತ್ತೆ ಸುತ್ತಿ ತಲೆಗೆ ಕೇದಗೆ ಮುಂದಲೆ ಕಟ್ಟುತ್ತಾನೆ. ದಾರದ ತುದಿ ಹಲ್ಲಿನಲ್ಲಿ, ಕಣ್ಣು ಕನ್ನಡಿಯಲ್ಲಿ. ಪಕ್ಕದಲ್ಲಿ ಎದೆಕಟ್ಟು, ಭುಜಕೀರ್ತಿ: ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದವು. ಎರಡು ತಾಸಿನ ಕುಣಿತಕ್ಕೆ ಇಷ್ಟೆಲ್ಲ ಕೆಲಸ. ಉಬುದ್‌ನಲ್ಲಿ ಐನೂರು ರೂಪಾಯಿ ಕೊಟ್ಟರೂ ಇಷ್ಟು ಹತ್ತಿರ ಬಿಡುತ್ತಾರೋ ಇಲ್ಲವೋ.

ಭಟ್ಕಳಕ್ಕೆ ಹೋದವರು ಬಿರಿಯಾನಿ ತಿಂದು ಬರುತ್ತಾರೆ, ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಗೋಡೆ ನೋಡುವುದಿಲ್ಲ. ಕಲ್ಲಿನಲ್ಲಿ ರಾಮಾಯಣ ಸಾಲಾಗಿ ಕೆತ್ತಿದೆ. ಖರ್ಚಿಲ್ಲ, ಒಂದು ತಾಸು ಬೇಕು.

ಲಕೋಟೆಯಲ್ಲಿ ಉಳಿದದ್ದು ಮರ ಕೆತ್ತುವ ಕುಮಟಾದ ಗುಡಿಗಾರರಿಗೆ. ಇಲ್ಲಿ ಸ್ವಲ್ಪ ವ್ಯಾಪಾರಿ ಬುದ್ಧಿ ಬೇಕು. ಶ್ರೀಗಂಧದ ಕೆತ್ತನೆಯಾದರೆ ಮರದ ತೂಕಕ್ಕೂ ದುಡ್ಡು, ಕೈಕೆಲಸಕ್ಕೂ ದುಡ್ಡು; ಬಿಲ್ಲು ಇಲ್ಲದೆ ಕೊಳ್ಳಬೇಡಿ. ಅಷ್ಟು ಶಕ್ತಿ ಇಲ್ಲದಿದ್ದರೆ ಶಿವಣೆ ಮರದ್ದು ಕೇಳಿ. ಅದೇ ಉಳಿ, ಅದೇ ಕೈ, ನೀವು ಕೊಟ್ಟದ್ದರಲ್ಲಿ ಹೆಚ್ಚಿನ ಭಾಗ ಕೆಲಸಕ್ಕೇ ಹೋಗುತ್ತದೆ. ನನ್ನ ಮಟ್ಟಿಗೆ ಅದೇ ಲಾಭದ ಖರೀದಿ. ಮನೆಯಲ್ಲಿ ಮದುವೆ ಇದ್ದರೆ ಬೆಂಡಿನ ಬಾಸಿಂಗವನ್ನು ಮುಂಗಡ ಕೊಟ್ಟು ಮಾಡಿಸಿಕೊಳ್ಳಿ. ಚೌತಿ ಹತ್ತಿರವಿದ್ದಾಗ ಮಾತ್ರ ಹೋಗಬೇಡಿ, ಅವರೆಲ್ಲ ಗಣಪತಿಯ ಮಣ್ಣಿನಲ್ಲಿರುತ್ತಾರೆ.

ಏಪ್ರಿಲ್, ಮೇ ತಿಂಗಳಾದರೆ ಕುಮಟಾದ ಹೆದ್ದಾರಿ ಪಕ್ಕದಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗಾಡುತ್ತಿರುತ್ತವೆ, ಚೌಕಾಶಿ ಮಾಡದೆ ಯಾರೂ ಮುಂದೆ ಹೋಗುವುದಿಲ್ಲ. ಕೊಳ್ಳಿ, ಆದರೆ ಲಕೋಟೆಯ ದುಡ್ಡಿನಲ್ಲಿ ಬೇಡ. ಅದು ಮನೆ ಖರ್ಚು.