ಬೂದು ಬಣ್ಣದ ಮುಖಗಳು: ಏಮಿ ಶೆರಾಲ್ಡ್ ಅವರ ತೈಲಚಿತ್ರಗಳು

2018ರ ಫೆಬ್ರುವರಿ 12ರಂದು ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಎರಡು ಭಾವಚಿತ್ರಗಳನ್ನು ಅನಾವರಣ ಮಾಡಲಾಯಿತು. ಒಂದು ಅಮೆರಿಕದ ಮಾಜಿ ಅಧ್ಯಕ್ಷ ಬರಾಕ್ ಒಬಾಮ ಅವರದು. ಬರೆದವರು ಕೆಹಿಂಡೆ ವೈಲಿ. ಇನ್ನೊಂದು ಮಿಷೆಲ್ ಒಬಾಮ ಅವರದು. ಬರೆದವರು ಏಮಿ ಶೆರಾಲ್ಡ್. ಈ ಎರಡನೆಯ ಚಿತ್ರದ ಹಿನ್ನೆಲೆ ತಿಳಿನೀಲಿ. ಉಡುಪು ಬೆಟ್ಟದಂತೆ ಹರಡಿಕೊಂಡ ಬಿಳಿ ಗೌನು, ಅದರ ಮೇಲೆ ಕಪ್ಪು ಆಕೃತಿಗಳು, ಅಲ್ಲಲ್ಲಿ ಗುಲಾಬಿ, ಹಳದಿ, ಕೆಂಪು ತುಂಡುಗಳು. ಮುಖ ಮತ್ತು ಕೈಗಳು ಮಾತ್ರ ಬೂದು. ಹಳೆಯ ಕಪ್ಪು-ಬಿಳುಪು ಫೋಟೊದಿಂದ ಒಬ್ಬರನ್ನು ಕತ್ತರಿಸಿ ತಂದು ಬಣ್ಣದ ನಡುವೆ ಕೂರಿಸಿದ ಹಾಗಿದೆ. ಇದು ಮಿಷೆಲ್ ಅವರಂತೆ ಕಾಣುವುದೇ ಇಲ್ಲ ಎಂದು ದೂರಿದವರು ಬಹಳ ಮಂದಿ. ಅವರ ಮೈಬಣ್ಣ ಎಲ್ಲಿ ಹೋಯಿತು ಎಂದು ಕೇಳಿದವರು ಇನ್ನೂ ಹೆಚ್ಚು.

ಈ ಲೇಖನ ಆ ಬೂದು ಬಣ್ಣದ ಬಗ್ಗೆ.

ಶೆರಾಲ್ಡ್ ಹುಟ್ಟಿದ್ದು 1973ರಲ್ಲಿ, ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಿನಲ್ಲಿ. ತಂದೆ ದಂತವೈದ್ಯರು. ಶಾಲೆಯಿಂದ ಊರಿನ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದಾಗ ಬೋ ಬಾರ್ಟ್‌ಲೆಟ್ ಅವರ ಒಂದು ದೊಡ್ಡ ಚಿತ್ರದಲ್ಲಿ ಕಪ್ಪು ಮನುಷ್ಯನೊಬ್ಬ ನಿಂತಿದ್ದನ್ನು ಕಂಡರು. ತನ್ನಂಥವರನ್ನು ಚಿತ್ರದ ಚೌಕಟ್ಟಿನೊಳಗೆ ಕಂಡದ್ದು ಅದೇ ಮೊದಲು ಎಂದು ಅವರು ಅನೇಕ ಸಲ ಹೇಳಿದ್ದಾರೆ. ಮುಂದೆ ಅಟ್ಲಾಂಟಾದಲ್ಲಿ ಪದವಿ, 2004ರಲ್ಲಿ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಕಲಾ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ. ಅಷ್ಟು ಹೊತ್ತಿಗೆ ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆ ಇದೆಯೆಂದು ಗೊತ್ತಾಯಿತು. 38ನೆಯ ವಯಸ್ಸಿನವರೆಗೂ ಹೋಟೆಲಿನಲ್ಲಿ ಊಟ ಬಡಿಸುತ್ತ ಚಿತ್ರ ಬರೆದರು. 2012ರಲ್ಲಿ, 39ನೆಯ ವಯಸ್ಸಿಗೆ, ಹೃದಯ ಕಸಿ. 2016ರಲ್ಲಿ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಭಾವಚಿತ್ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಅದನ್ನು ಗೆದ್ದ ಮೊದಲ ಮಹಿಳೆ ಅವರು. ಗೆದ್ದ ಚಿತ್ರದಲ್ಲಿ ಕೆಂಪು ಹ್ಯಾಟು, ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಅಳತೆ ಮೀರಿದ ದೊಡ್ಡದೊಂದು ಟೀ ಕಪ್ ಹಿಡಿದು ನಿಂತಿದ್ದಾಳೆ. ನೋಡಿದರೆ ನಗು ಬರುತ್ತದೆ, ಆದರೆ ಅವಳು ನಗುವುದಿಲ್ಲ.

ಈಗ ಬಣ್ಣಕ್ಕೆ ಬರೋಣ. ತೈಲವರ್ಣ ಎಂದರೆ ಬಣ್ಣದ ಪುಡಿಯನ್ನು ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ ಅರೆದದ್ದು. ಹೌದು, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ. ನೀರಿನ ಬಣ್ಣ ನೀರು ಆರಿದಾಗ ಒಣಗುತ್ತದೆ. ತೈಲವರ್ಣ ಹಾಗಲ್ಲ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳೇ ಬೇಕು. (ವಿಜ್ಞಾನ ವಿಭಾಗದವರು ಇದನ್ನು ರಸಾಯನಶಾಸ್ತ್ರ ಉಪನ್ಯಾಸಕರ ಬಳಿ ಇನ್ನಷ್ಟು ಕೇಳಬಹುದು.) ಈ ನಿಧಾನದಿಂದಲೇ ಕಲಾವಿದರಿಗೆ ಕೆನ್ನೆಯ ಬೆಳಕು ನೆರಳಾಗಿ ತಿರುಗುವ ಜಾಗವನ್ನು ತಿದ್ದಿ ತಿದ್ದಿ ಬೆರೆಸಲು ಸಾಧ್ಯ. ಯುರೋಪಿನ ಹಳೆಯ ಕಲಾವಿದರು ಅನೇಕ ವೇಳೆ ಮೊದಲು ಇಡೀ ಚಿತ್ರವನ್ನು ಬೂದು ಬಣ್ಣದಲ್ಲಿ ಬರೆದು, ಅದು ಒಣಗಿದ ಮೇಲೆ ತೆಳುವಾದ ಬಣ್ಣದ ಪದರಗಳನ್ನು ಹಚ್ಚುತ್ತಿದ್ದರು. ಬೂದಿನಲ್ಲೇ ಬರೆಯುವ ಈ ಕ್ರಮಕ್ಕೆ ಫ್ರೆಂಚರು ಗ್ರಿಸಾಯ್ ಎನ್ನುತ್ತಾರೆ. ಶೆರಾಲ್ಡ್ ಬಟ್ಟೆಗೆ, ಹಿನ್ನೆಲೆಗೆ ಧಾರಾಳವಾಗಿ ಬಣ್ಣ ಕೊಡುತ್ತಾರೆ. ಮೈಯನ್ನು ಮಾತ್ರ ಬೂದಿನಲ್ಲೇ ಬಿಡುತ್ತಾರೆ. ಅದೂ ಸತ್ತ ಬೂದಲ್ಲ. ಕಪ್ಪಿಗೆ ಮಂದ ಹಳದಿ ಬೆರೆಸಿ ಮಾಡಿದ, ಸ್ವಲ್ಪ ಬಿಸಿಯಿರುವ ಬೂದು.

ಯಾಕೆ? ಉತ್ತರಕ್ಕೆ ಒಂದು ಶತಮಾನಕ್ಕೂ ಹಿಂದೆ ಹೋಗಬೇಕು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಡಬ್ಲ್ಯು. ಇ. ಬಿ. ಡುಬೋಯಿಸ್ ಎಂಬ ವಿದ್ವಾಂಸರು ಕಪ್ಪು ಅಮೆರಿಕನ್ನರ ನೂರಾರು ಫೋಟೊಗಳನ್ನು ಇಟ್ಟರು. ಹೆಚ್ಚಿನವು ಜಾರ್ಜಿಯಾದವು. ಇಸ್ತ್ರಿ ಮಾಡಿದ ಕೋಟು, ಕಸೂತಿಯ ಕಾಲರು, ನೆಟ್ಟ ನೋಟ. ಪತ್ರಿಕೆಗಳ ವ್ಯಂಗ್ಯಚಿತ್ರಗಳು ಕಪ್ಪು ಜನರನ್ನು ಗೇಲಿ ಮಾಡುತ್ತಿದ್ದ ಕಾಲ ಅದು. ತೈಲಚಿತ್ರ ಬರೆಸಿಕೊಳ್ಳುವುದು ಸಿರಿವಂತರ ಮಾತಾಗಿತ್ತು. ಅಗ್ಗವಾಗಿದ್ದ ಕ್ಯಾಮೆರಾದ ಮುಂದೆ ಮಾತ್ರ ಕಪ್ಪು ಕುಟುಂಬವೊಂದು ತಾನು ಹೇಗೆ ಕಾಣಬೇಕೆಂದು ತಾನೇ ನಿರ್ಧರಿಸಬಹುದಿತ್ತು. ಡುಬೋಯಿಸ್ ಆಗ ಪಾಠ ಹೇಳುತ್ತಿದ್ದ ಅಟ್ಲಾಂಟಾ ವಿಶ್ವವಿದ್ಯಾಲಯವೇ ಮುಂದೆ ಕ್ಲಾರ್ಕ್ ಕಾಲೇಜಿನೊಡನೆ ಸೇರಿ ಕ್ಲಾರ್ಕ್ ಅಟ್ಲಾಂಟಾ ಆಯಿತು. ಶೆರಾಲ್ಡ್ ಪದವಿ ಪಡೆದದ್ದು ಅಲ್ಲಿಯೇ. ಆ ಫೋಟೊಗಳು, ಮನೆಯಲ್ಲಿದ್ದ ಅಜ್ಜಿಯ ಕಪ್ಪು-ಬಿಳುಪು ಫೋಟೊ, ಇವು ತನ್ನ ಬೂದು ಬಣ್ಣದ ಹಿಂದಿವೆ ಎಂದು ಅವರು ಹೇಳುತ್ತಾರೆ.

ಇನ್ನೊಂದು ಕಾರಣವೂ ಇದೆ, ನನಗೆ ಇದೇ ಮುಖ್ಯವೆನಿಸುತ್ತದೆ. 2009ರ ಒಂದು ಚಿತ್ರದಲ್ಲಿ ಸ್ಟ್ರಾಬೆರಿ ಹಣ್ಣುಗಳ ಅಚ್ಚಿರುವ ಹಳದಿ ಫ್ರಾಕು ತೊಟ್ಟ ಹುಡುಗಿ ನೇರ ನಮ್ಮನ್ನೇ ನೋಡುತ್ತಾಳೆ. ಅದರ ಹೆಸರಿನ ಅರ್ಥ ಹೀಗೆ: ‘ಅವರು ನನ್ನನ್ನು ರೆಡ್‌ಬೋನ್ ಅನ್ನುತ್ತಾರೆ, ನನಗೋ ಸ್ಟ್ರಾಬೆರಿ ಕೇಕ್ ಆಗುವುದೇ ಇಷ್ಟ’. ರೆಡ್‌ಬೋನ್ ಎಂದರೆ ಕಪ್ಪು ಜನರ ನಡುವೆಯೇ ತುಸು ತಿಳಿ ಬಣ್ಣದವರಿಗೆ ಇರುವ ಮಾತು. ಅರ್ಥವಾಗದಿದ್ದರೆ ನಮ್ಮ ಪತ್ರಿಕೆ ತೆರೆಯಿರಿ. ವಧೂವರರ ಜಾಹೀರಾತಿನಲ್ಲಿ ‘ಗೋಧಿ ಬಣ್ಣ’. ಕಾಣೆಯಾದವರ ಪ್ರಕಟಣೆಯಲ್ಲಿ ‘ಎಣ್ಣೆಗೆಂಪು ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು’. ಪೊಲೀಸರಿಗೆ ಅದು ಬೇಕು, ಸರಿ. ನಮಗೆ ಯಾಕೆ ಬೇಕು? ಆ ಹುಡುಗಿಯ ಮೈ ಬೂದಾಗಿರುವುದರಿಂದ ಅವಳು ರೆಡ್‌ಬೋನ್ ಹೌದೋ ಅಲ್ಲವೋ ಎಂದು ಚಿತ್ರ ನೋಡಿ ಹೇಳಲು ಬರುವುದೇ ಇಲ್ಲ. ಹೆಸರಿಟ್ಟವರ ಮಾತು ಪೂರಾ ಬಿದ್ದುಹೋಯಿತು. ಉಳಿದದ್ದು ಹುಡುಗಿ, ಅವಳ ಫ್ರಾಕು, ಅವಳ ನೋಟ.

ಬಣ್ಣ ತೆಗೆದರೆ ಜನಾಂಗದ ಗುರುತೂ ಅಳಿಸಿ ಹೋಗಿ, ಬಿಳಿಯ ನೋಡುಗರಿಗೆ ಚಿತ್ರ ಹಿತವಾಗಿಬಿಡುತ್ತದಲ್ಲ ಎಂಬ ಆಕ್ಷೇಪವಿದೆ. ತಳ್ಳಿಹಾಕುವಂಥ ಮಾತಲ್ಲ. ಆದರೆ ಚಿತ್ರಗಳ ಮುಂದೆ ನಿಂತರೆ ಯಾರ ಮುಖ, ಯಾರ ಕೂದಲು ಎಂಬ ಅನುಮಾನ ಬರುವುದಿಲ್ಲ. ಮಿಷೆಲ್ ಅವರ ಚಿತ್ರದ ಬಗ್ಗೆ ಮಾತ್ರ ದೂರಿದವರ ಕಡೆ ನಾನೂ ಅರ್ಧ ಇದ್ದೇನೆ: ಅಲ್ಲಿ ಗೌನು ಮುಖವನ್ನು ನುಂಗಿದೆ. ಆ ಗೌನಿನ ವಿನ್ಯಾಸ ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಕಪ್ಪು ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿಗಳನ್ನು ನೆನಪಿಸಿತು ಎಂದು ಶೆರಾಲ್ಡ್ ಹೇಳಿದ ಮೇಲೆ ಅದು ಅಷ್ಟು ಜಾಗ ಹಿಡಿದದ್ದು ಯಾಕೆಂದು ತಿಳಿಯುತ್ತದೆ. ಅದೇ ವರ್ಷ ಎರಡು ವರ್ಷದ ಮಗುವೊಂದು ಈ ಚಿತ್ರದ ಮುಂದೆ ಬಾಯಿ ತೆರೆದು ನಿಂತಿದ್ದ ಫೋಟೊ ಜಗತ್ತೆಲ್ಲ ಓಡಾಡಿತು. ಆ ಮಗು ಇವರನ್ನು ರಾಣಿ ಎಂದುಕೊಂಡಿತ್ತಂತೆ. ಹೋಲಿಕೆಯ ತಕರಾರು ಅದಕ್ಕಿರಲಿಲ್ಲ.

ಸಾಮಾನ್ಯವಾಗಿ ಶೆರಾಲ್ಡ್ ಬರೆಯುವುದು ಹೆಸರಾಂತರನ್ನಲ್ಲ. ದಾರಿಯಲ್ಲೋ ಅಂಗಡಿಯಲ್ಲೋ ಕಂಡ ಅಪರಿಚಿತರನ್ನು ಮಾತಾಡಿಸಿ, ಅವರಿಗೆ ಬಟ್ಟೆ ಆರಿಸಿ, ಫೋಟೊ ತೆಗೆದು, ಅದನ್ನಿಟ್ಟುಕೊಂಡು ಬರೆಯುತ್ತಾರೆ. ಒಮ್ಮೆ ಮಾತ್ರ ಭೇಟಿಯಾಗಲು ಸಾಧ್ಯವೇ ಇಲ್ಲದವರನ್ನು ಬರೆಯಬೇಕಾಯಿತು. 2020ರ ಮಾರ್ಚ್ 13ರಂದು, ಮಧ್ಯರಾತ್ರಿ ದಾಟಿದ ಹೊತ್ತಿನಲ್ಲಿ, ಕೆಂಟಕಿಯ ಲೂಯಿವಿಲ್‌ನಲ್ಲಿ ಮನೆಗೆ ನುಗ್ಗಿದ ಪೊಲೀಸರ ಗುಂಡಿಗೆ ಬ್ರಿಯೋನಾ ಟೇಲರ್ ಬಲಿಯಾದರು. ವಯಸ್ಸು 26, ತುರ್ತು ವೈದ್ಯಕೀಯ ಸೇವೆಯ ಕೆಲಸ ಮಾಡುತ್ತಿದ್ದವರು. ‘ವ್ಯಾನಿಟಿ ಫೇರ್’ ಪತ್ರಿಕೆಯ ಆ ವರ್ಷದ ಸೆಪ್ಟೆಂಬರ್ ಸಂಚಿಕೆಯ ಮುಖಪುಟಕ್ಕೆ ಶೆರಾಲ್ಡ್ ಅವರ ಚಿತ್ರ ಬರೆದರು. ಫೋಟೊಗಳನ್ನು ನೋಡಿ ಮುಖ. ಅದೇ ಮೈಕಟ್ಟಿನ ಇನ್ನೊಬ್ಬ ಹೆಣ್ಣುಮಗಳನ್ನು ನಿಲ್ಲಿಸಿ ದೇಹ. ಹಸಿರು ಬೆರೆತ ನೀಲಿ ಉಡುಪು, ಹಿನ್ನೆಲೆಯೂ ಅದೇ ನೀಲಿ. ಬೆರಳಲ್ಲಿ ಉಂಗುರ: ಗೆಳೆಯ ಮದುವೆ ಪ್ರಸ್ತಾಪಕ್ಕೆಂದು ಎಣಿಸಿದ್ದು, ಅವರು ಬದುಕಿದ್ದಾಗ ತೊಡಲಾಗದ್ದು. ಗುಂಡು, ರಕ್ತ, ಪೊಲೀಸ್ ಒಂದೂ ಚಿತ್ರದಲ್ಲಿಲ್ಲ. 2021ರಲ್ಲಿ ಲೂಯಿವಿಲ್‌ನ ಸ್ಪೀಡ್ ಕಲಾ ಸಂಗ್ರಹಾಲಯ ಮತ್ತು ವಾಷಿಂಗ್ಟನ್ನಿನ ಆಫ್ರಿಕನ್-ಅಮೆರಿಕನ್ ಇತಿಹಾಸ ಸಂಗ್ರಹಾಲಯ ಜಂಟಿಯಾಗಿ ಅದನ್ನು ಪಡೆದವು. ಬಂದ 10 ಲಕ್ಷ ಡಾಲರ್ ಹಣವನ್ನು ಶೆರಾಲ್ಡ್ ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಬ್ರಿಯೋನಾ ಹೆಸರಿನ ವಿದ್ಯಾರ್ಥಿವೇತನಗಳಿಗೆ ಅದು ಸಲ್ಲುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಅಭ್ಯಾಸ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಸ್ಟ್ರಾಬೆರಿ ಫ್ರಾಕಿನ ಹುಡುಗಿಯ ಚಿತ್ರ ತೆರೆದು ಐದು ನಿಮಿಷ ನೋಡಿ, ಅವಳ ಬಗ್ಗೆ ಹತ್ತು ಸಾಲು ಬರೆಯಿರಿ. ಆಮೇಲೆ ಪಕ್ಕದಲ್ಲಿ ಕುಳಿತ ಗೆಳೆಯನ ಅಥವಾ ಗೆಳತಿಯ ಬಗ್ಗೆ ಹತ್ತು ಸಾಲು ಬರೆಯಿರಿ. ಮೈಬಣ್ಣದ ಮಾತು ಎರಡನೆಯದರಲ್ಲಿ ಎಷ್ಟನೆಯ ಸಾಲಿನಲ್ಲಿ ಬಂತು ಎಂದು ಗುರುತು ಹಾಕಿ ತರಗತಿಗೆ ತನ್ನಿ.