‘ಮಿಸ್, ಪಿರಮಿಡ್ ಕಟ್ಟಿದ್ದು ಏಲಿಯನ್ಸ್’: ಘರ್ಷಣೆಯ ಎರಡು ಪಾಠಗಳು

ತರಗತಿ: 8. ವಿಷಯ: ವಿಜ್ಞಾನ. ಘಟಕ: ಘರ್ಷಣೆ. ಅವಧಿ: 40 ನಿಮಿಷ. ಪಾಠಯೋಜನೆಯ ಈ ತಲೆಬರಹವನ್ನು ನಾನು ಒಂದೇ ತರಗತಿಗೆ ಎರಡು ಸಲ ಬರೆಯಬೇಕಾಯಿತು. ಮೊದಲ ಸಲ ಪಾಠ ಕೆಟ್ಟಿತು. ಅದು ಎಲ್ಲಿ ಕೆಟ್ಟಿತು, ಎರಡನೆಯ ಸಲ ಏನನ್ನು ಬದಲಿಸಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಪೀಠಿಕೆಗೆಂದು ಈಜಿಪ್ಟಿನ ಗೀಜಾದಲ್ಲಿರುವ ಮಹಾ ಪಿರಮಿಡ್ಡಿನ ಚಾರ್ಟ್ ಒಯ್ದಿದ್ದೆ. ಸುಮಾರು 4,500 ವರ್ಷಗಳ ಹಿಂದೆ ಖುಫು ಎಂಬ ಅರಸನಿಗಾಗಿ ಕಟ್ಟಿದ ಸಮಾಧಿ ಅದು. ಬುಡದ ಒಂದು ಬದಿ ಸುಮಾರು 230 ಮೀಟರ್, ಮೂಲ ಎತ್ತರ 146 ಮೀಟರಿಗೂ ಹೆಚ್ಚು. “ಇಷ್ಟು ಭಾರದ ಕಲ್ಲುಗಳನ್ನು ಹೇಗೆ ಎಳೆದಿರಬಹುದು?” ಎಂದು ಕೇಳಿ, ಮಕ್ಕಳ ಬಾಯಿಂದಲೇ ‘ಘರ್ಷಣೆ’ ಎಂಬ ಪದ ಹೊರಡಿಸಿ, ಅದನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ನನ್ನ ಯೋಜನೆಯಾಗಿತ್ತು.

ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಅದನ್ನ ಮನುಷ್ಯರು ಕಟ್ಟೇ ಇಲ್ಲ. ಏಲಿಯನ್ಸ್ ಕಟ್ಟಿದ್ದು. ಯೂಟ್ಯೂಬಲ್ಲಿ ತೋರಿಸಿದಾರೆ” ಅಂದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಏಲಿಯನ್ನೂ ಇಲ್ಲ, ಗೀಲಿಯನ್ನೂ ಇಲ್ಲ. ಲಕ್ಷಾಂತರ ಗುಲಾಮರನ್ನು ಚಾಟಿಯಲ್ಲಿ ಹೊಡೆದು ಕಟ್ಟಿಸಿದರು. ಕೂತ್ಕೋ” ಎಂದೆ. ಅವನು ಕೂತ. ಆ ಅವಧಿ ಮುಗಿಯುವವರೆಗೆ ಮತ್ತೆ ತಲೆ ಎತ್ತಲಿಲ್ಲ. ಉಳಿದವರೂ ಪುಸ್ತಕದಲ್ಲಿದ್ದ ಉತ್ತರಗಳನ್ನಷ್ಟೇ ಹೇಳಿದರು.

ವೀಕ್ಷಣೆಗೆ ಬಂದಿದ್ದ ನಮ್ಮ ಬೋಧನಾ ವಿಧಾನದ ಮೇಡಂ ನನ್ನ ಪುಸ್ತಕದಲ್ಲಿ ಎರಡು ವಾಕ್ಯ ಬರೆದಿದ್ದರು: ‘ವಿದ್ಯಾರ್ಥಿಯ ಉತ್ತರಕ್ಕೆ ಪುರಾವೆ ಕೇಳಲಿಲ್ಲ. ನಿಮ್ಮ ಉತ್ತರಕ್ಕೂ ಪುರಾವೆ ಕೊಡಲಿಲ್ಲ.’ ಧ್ವನಿಯ ಏರಿಳಿತ, ಕಪ್ಪುಹಲಗೆಯ ಬಳಕೆ ಎಲ್ಲದಕ್ಕೂ ಒಳ್ಳೆಯ ಅಂಕ ಬಂದಿತ್ತು. ಈ ಎರಡು ವಾಕ್ಯ ಮಾತ್ರ ಚುಚ್ಚಿದವು.

ಪುರಾವೆ ಹುಡುಕಲು ಕೂತಾಗ ತಿಳಿದದ್ದು, ನಾನು ಹೇಳಿದ್ದೂ ಸರಿಯಲ್ಲ ಎಂದು. ಗೀಜಾ ಪಿರಮಿಡ್‌ಗಳ ದಕ್ಷಿಣಕ್ಕೆ ಕಟ್ಟಡ ಕೆಲಸಗಾರರ ಊರೇ ಉತ್ಖನನದಲ್ಲಿ ಸಿಕ್ಕಿದೆ. ಅಲ್ಲಿ ರೊಟ್ಟಿ ಸುಡುವ ಮನೆಗಳಿವೆ, ರಾಶಿ ರಾಶಿ ದನ, ಕುರಿ, ಮೇಕೆಗಳ ಮೂಳೆಗಳಿವೆ. ಹತ್ತಿರದಲ್ಲೇ ಕೆಲಸಗಾರರ ಸ್ಮಶಾನ 1990ರಲ್ಲಿ ಪತ್ತೆಯಾಯಿತು. ಅಲ್ಲಿಯ ಕೆಲವು ಅಸ್ಥಿಪಂಜರಗಳಲ್ಲಿ ಮುರಿದ ಕೈಮೂಳೆಗಳು ನೆಟ್ಟಗೆ ಕೂಡಿಕೊಂಡಿವೆ. ಅಂದರೆ ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದಾರೆ. ಅರಸನ ಸಮಾಧಿಯ ಪಕ್ಕದಲ್ಲೇ ಇವರಿಗೆ ಗೋರಿಗಳಿವೆ. ಸರದಿಯ ಮೇಲೆ ಜನರನ್ನು ಕರೆಸಿ ದುಡಿಸಿಕೊಳ್ಳುವ ಪದ್ಧತಿ ಅಲ್ಲಿತ್ತು, ನಮ್ಮ ಹಳೆಯ ಶಾಸನಗಳಲ್ಲಿ ಬರುವ ಬಿಟ್ಟಿಯಂಥದ್ದು. ಅದನ್ನು ಸಿಹಿ ಮಾಡಿ ಹೇಳಬೇಕಾಗಿಲ್ಲ. ಆದರೆ ಚಾಟಿ ಏಟು ತಿನ್ನುವ ಲಕ್ಷಾಂತರ ಗುಲಾಮರ ಚಿತ್ರ ನನ್ನ ತಲೆಯಲ್ಲಿದ್ದದ್ದು ಸಿನಿಮಾದಿಂದ. ಆ ಹುಡುಗನಿಗೆ ಯೂಟ್ಯೂಬ್, ನನಗೆ ಸಿನಿಮಾ. ಅಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಮೆರರ್ ಎಂಬವನ ದಿನಚರಿ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರೆಂಚ್ ವಿದ್ವಾಂಸ ಪಿಯೆರ್ ತಾಲೆ ಅವರ ತಂಡಕ್ಕೆ ಪ್ಯಾಪಿರಸ್ ತುಣುಕುಗಳು ಸಿಕ್ಕವು. ಖುಫುವಿನ ಆಳ್ವಿಕೆಯ ಕೊನೆಯ ಭಾಗದವು. ಮೆರರ್ ಸುಮಾರು 40 ಜನರ ತಂಡದ ಮೇಲ್ವಿಚಾರಕ. ತುರಾ ಎಂಬ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ತುಂಬಿ, ನೈಲ್ ನದಿ ಮತ್ತು ಕಾಲುವೆಗಳ ಮೂಲಕ ಗೀಜಾಕ್ಕೆ ಸಾಗಿಸುವುದು ಅವರ ಕೆಲಸ. ಈ ದಿನ ಕಲ್ಲು ತುಂಬಿದೆವು, ಈ ದಿನ ಹೊರಟೆವು, ರಾತ್ರಿ ಇಂಥಲ್ಲಿ ತಂಗಿದೆವು ಎಂದು ದಿನ ದಿನದ ಲೆಕ್ಕ ಬರೆದಿಟ್ಟಿದ್ದಾನೆ. ನಾವು ಇಂಟರ್ನ್‌ಶಿಪ್ ಡೈರಿ ಬರೆಯುವ ಹಾಗೆಯೇ.

ಎರಡನೆಯ ಪಾಠದ ಮೊದಲ ಐದು ನಿಮಿಷ ನನ್ನ ತಪ್ಪನ್ನು ಒಪ್ಪಿಕೊಳ್ಳಲು ಹೋಯಿತು. “ಹೋದ ಸಲ ಗುಲಾಮರು ಅಂದಿದ್ದೆ. ಅದಕ್ಕೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಏಲಿಯನ್ಸ್ ಅಂದವನಿಗೂ ಪುರಾವೆ ಹೇಳುವ ಅವಕಾಶ ನಾನು ಕೊಡಲಿಲ್ಲ” ಎಂದೆ. ಇದನ್ನು ಹೇಳುವಾಗ ಗಂಟಲು ಒಣಗಿತ್ತು. ನಂತರ ಆ ಹುಡುಗನಿಗೇ ಕೇಳಿದೆ: “ಮನುಷ್ಯರಿಂದ ಆಗಲ್ಲ ಅಂತ ಯಾಕೆ ಅನ್ನಿಸ್ತು?” ಅವನು ನಿಧಾನವಾಗಿ, “ಅಷ್ಟು ಕಲ್ಲು, ಅಷ್ಟು ತೂಕ ಮಿಸ್. ಕ್ರೇನ್ ಇರಲಿಲ್ಲ” ಅಂದ. ಅದು ಒಳ್ಳೆಯ ಕಾರಣ. ಅವನ ಮಾತನ್ನೇ ಹಲಗೆಯ ಮೇಲೆ ಬರೆದೆ: ಎಷ್ಟು ಕಲ್ಲು? ಎಷ್ಟು ತೂಕ? ಎಷ್ಟು ಜನ ಬೇಕು?

ಅಂದಾಜು 23 ಲಕ್ಷ ಕಲ್ಲುಗಳು, ಸರಾಸರಿ ಒಂದಕ್ಕೆ ಎರಡೂವರೆ ಟನ್, 20 ವರ್ಷ ಎಂದು ಕೊಟ್ಟೆ. ಮಕ್ಕಳು ಭಾಗಿಸಿದರು. ದಿನಕ್ಕೆ 315 ಕಲ್ಲು. ದಿನಕ್ಕೆ 10 ಗಂಟೆ ಕೆಲಸವಾದರೆ ಸುಮಾರು ಎರಡು ನಿಮಿಷಕ್ಕೊಂದು. “ನೋಡಿ ಮಿಸ್!” ಎಂದು ಅವನು ಕೂಗಿದ. ಲೆಕ್ಕ ಅವನ ಕಡೆಗೇ ಇತ್ತು. ಇಲ್ಲಿ ಅವಸರಪಟ್ಟು ಉತ್ತರ ಹೇಳದೆ ಪ್ರಯೋಗಕ್ಕೆ ಹೋದದ್ದು ನಾನು ಆ ದಿನ ಮಾಡಿದ ಒಳ್ಳೆಯ ಕೆಲಸ.

ಬೋಧನೋಪಕರಣ: ತಗಡಿನ ತಟ್ಟೆ, ಅದರಲ್ಲಿ ಅರ್ಧ ಇಟ್ಟಿಗೆ (ಎರಡೂ ಸೇರಿ 13 ನ್ಯೂಟನ್ ತೂಕ), ಸ್ಪ್ರಿಂಗ್ ತ್ರಾಸು, ಶಾಲೆಯ ಹಿಂದೆ ಕಟ್ಟಡಕ್ಕೆಂದು ಹಾಕಿದ್ದ ಮರಳು, ಒಂದು ಚೊಂಬು ನೀರು. ಒಣ ಮರಳಿನ ಮೇಲೆ ಎಳೆದಾಗ ತ್ರಾಸು 8 ನ್ಯೂಟನ್ ತೋರಿಸಿತು. ತಟ್ಟೆಯ ಮುಂದೆ ಮರಳು ಗುಡ್ಡೆಯಾಗುವುದನ್ನು ಹುಡುಗಿಯೊಬ್ಬಳು ಗಮನಿಸಿದಳು. ನೀರು ಚಿಮುಕಿಸಿ, ಮರಳನ್ನು ಹದವಾಗಿ ತೇವ ಮಾಡಿ ಎಳೆದಾಗ 5 ನ್ಯೂಟನ್. ಒಂದು ಗುಂಪಿನವರು ಚೊಂಬನ್ನೇ ಬಗ್ಗಿಸಿಬಿಟ್ಟರು. ಅವರಿಗೆ ಬಂದದ್ದು 9. ಪಾಠಯೋಜನೆಯಲ್ಲಿ ಇಲ್ಲದ ಅಳತೆ ಎಂದು ಅದನ್ನು ಬಿಟ್ಟುಬಿಡೋಣ ಅನ್ನಿಸಿತ್ತು, ಆದರೂ ಬರೆಸಿದೆ. ತೇವ ಹದವಾಗಿದ್ದರೆ ಮರಳಿನ ಕಣಗಳ ನಡುವೆ ನೀರು ಸಣ್ಣ ಸೇತುವೆಗಳಂತೆ ನಿಂತು ಅವನ್ನು ಹಿಡಿದಿಡುತ್ತದೆ, ಮರಳು ಗಟ್ಟಿ ನೆಲದಂತಾಗುತ್ತದೆ. ನೀರು ಹೆಚ್ಚಾದರೆ ಆ ಸೇತುವೆಗಳೇ ಉಳಿಯುವುದಿಲ್ಲ. ಆಮ್ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಯಿತು. ಹದವಾದ ತೇವದಲ್ಲಿ ಎಳೆಯುವ ಬಲ ಸುಮಾರು ಅರ್ಧಕ್ಕೆ ಇಳಿಯಬಲ್ಲದು ಎಂದು ಅವರು ಕಂಡರು, ನೀರು ಮಿತಿ ಮೀರಿದರೆ ಅದು ಮತ್ತೆ ಏರಿತು.

ಆಗ ಎರಡನೆಯ ಚಾರ್ಟ್ ತೆರೆದೆ. ಜೆಹುತಿಹೋತೆಪ್ ಎಂಬ ಅಧಿಕಾರಿಯ ಗೋರಿಯ ಚಿತ್ರ. ಅದು ಖುಫುವಿಗಿಂತ ಆರು ಶತಮಾನಕ್ಕೂ ಹೆಚ್ಚು ಈಚಿನದು, ಇದನ್ನೂ ಮಕ್ಕಳಿಗೆ ಹೇಳಿದೆ. ದೈತ್ಯ ಪ್ರತಿಮೆಯೊಂದನ್ನು ಮರದ ಜಾರುಬಂಡಿಯ ಮೇಲಿಟ್ಟು 172 ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮುಂತುದಿಯಲ್ಲಿ ನಿಂತ ಒಬ್ಬ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಅವನನ್ನು ನಾನು ತೋರಿಸಲಿಲ್ಲ, ಮಕ್ಕಳೇ ಹುಡುಕಿದರು.

ಮತ್ತೆ ಲೆಕ್ಕ. 13 ನ್ಯೂಟನ್ ತೂಕಕ್ಕೆ 5 ನ್ಯೂಟನ್ ಬಲವಾದರೆ ಎರಡೂವರೆ ಟನ್ ಕಲ್ಲಿಗೆ, ಅಂದರೆ 25,000 ನ್ಯೂಟನ್ ತೂಕಕ್ಕೆ, ಸುಮಾರು 9,600 ನ್ಯೂಟನ್. ಒಬ್ಬ 300 ನ್ಯೂಟನ್ ಬಲದಿಂದ ಎಳೆದರೆ 32 ಜನ ಸಾಕು. ಒಣ ಮರಳಾದರೆ 51 ಜನ. ಪಿರಮಿಡ್ಡಿನ ಹೆಚ್ಚಿನ ಕಲ್ಲು ಬಂದದ್ದು ಪಕ್ಕದ ಗಣಿಯಿಂದಲೇ. ಒಂದು ತಂಡ ದಿನಕ್ಕೆ ಮೂರು ಕಲ್ಲು ತಂದರೆ 105 ತಂಡ, 3,360 ಜನ. ಇದು ಸಮತಟ್ಟಾದ ನೆಲದ ಲೆಕ್ಕ, ಎಳೆಯುವವರದು ಮಾತ್ರ. ಕಡಿಯುವವರು, ಜೋಡಿಸುವವರು, ರೊಟ್ಟಿ ಸುಡುವವರು ಬೇರೆ.

“ನಮ್ಮೂರ ಜಾತ್ರೇಲಿ ತೇರು ಎಳೆಯೋಕೆ ಇದಕ್ಕಿಂತ ಜಾಸ್ತಿ ಜನ ಸೇರ್ತಾರೆ” ಎಂದು ಒಬ್ಬ ಅಂದ. “ತೇರಿಗೆ ಗಾಲಿ ಇದೆ, ಇದಕ್ಕಿಲ್ಲ” ಎಂದು ಇನ್ನೊಬ್ಬಳು ತಡೆದಳು. ಜಾರುವ ಘರ್ಷಣೆ, ಉರುಳುವ ಘರ್ಷಣೆಗಳ ವ್ಯತ್ಯಾಸಕ್ಕೆ ನಾನು ಬೇರೆ ಉದಾಹರಣೆ ಬರೆದುಕೊಂಡಿದ್ದೆ. ಅದನ್ನು ಬಳಸುವ ಅಗತ್ಯವೇ ಬೀಳಲಿಲ್ಲ.

ಇಷ್ಟಾದರೂ ಏಲಿಯನ್ಸ್ ಇಲ್ಲವೆಂದು ಸಾಬೀತಾಗಲಿಲ್ಲ, ಮನುಷ್ಯರಿಗೆ ಸಾಧ್ಯ ಎಂದಷ್ಟೇ ಆಯಿತು. ಆ ಹುಡುಗನನ್ನು ಹೆಚ್ಚು ಹಿಡಿದದ್ದು ಮೂರನೆಯ ಚಾರ್ಟ್. ಖುಫುವಿನ ತಂದೆ ಸ್ನೆಫೆರು ದಹಶೂರಿನಲ್ಲಿ ಕಟ್ಟಿಸಿದ ಪಿರಮಿಡ್ ನಡುವಿನಲ್ಲಿ ಬಾಗಿದೆ. ಸುಮಾರು 54 ಡಿಗ್ರಿಯಲ್ಲಿ ಏರುತ್ತಿದ್ದದ್ದು ಮೇಲೆ 43ಕ್ಕೆ ಇಳಿದಿದೆ. ಕಟ್ಟುತ್ತಿರುವಾಗಲೇ ಬಿರುಕು, ಕುಸಿತದ ಭಯ ಕಾಣಿಸಿಕೊಂಡಿರಬೇಕು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅವನೇ ಕಟ್ಟಿಸಿದ ಮುಂದಿನ ಪಿರಮಿಡ್ ಬುಡದಿಂದಲೇ 43 ಡಿಗ್ರಿ. ಮಗನ ಕಾಲಕ್ಕೆ ಧೈರ್ಯವಾಗಿ 51 ಡಿಗ್ರಿ ದಾಟಿದರು. ಹುಡುಗ ಚಾರ್ಟಿನ ಹತ್ತಿರ ಬಂದು ಬಾಗಿದ ಜಾಗವನ್ನು ಬೆರಳಿಂದ ಮುಟ್ಟಿ, “ಇಲ್ಲಿ ತಪ್ಪಾಗಿದೆ” ಅಂದ.

ಇದನ್ನು ತಮಾಷೆಯ ಪ್ರಶ್ನೆ ಎಂದು ಬಿಡಬಾರದೆಂದು ನನಗೆ ಅನ್ನಿಸಲು ಇನ್ನೊಂದು ಕಾರಣವಿದೆ. ಆಫ್ರಿಕಾದ ಗ್ರೇಟ್ ಜಿಂಬಾಬ್ವೆಯಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ, ಕೆಲವೆಡೆ 11 ಮೀಟರ್ ಎತ್ತರದ ಗೋಡೆಗಳಿವೆ. 1871ರಲ್ಲಿ ಅದನ್ನು ಕಂಡ ಜರ್ಮನ್ ಶೋಧಕ ಕಾರ್ಲ್ ಮೌಖ್ ಅದನ್ನು ಶೀಬಾ ರಾಣಿಯ ಕಥೆಗೆ ಗಂಟು ಹಾಕಿದ. ಕಪ್ಪು ಜನರಿಂದ ಅದು ಸಾಧ್ಯವಿಲ್ಲವೆಂಬ ನಂಬಿಕೆ ಬಿಳಿಯರ ಆಳ್ವಿಕೆಗೆ ಅನುಕೂಲವಾಗಿತ್ತು. ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಮ್ಸನ್ 1929ರಲ್ಲಿ ಉತ್ಖನನ ನಡೆಸಿ ಅದು ಆಫ್ರಿಕನ್ನರದೇ ಎಂದು ತೋರಿಸಿದ ಮೇಲೂ ಆ ಮಾತು ದಶಕಗಟ್ಟಲೆ ನಿಲ್ಲಲಿಲ್ಲ. 8ನೇ ತರಗತಿಗೆ ಇದನ್ನು ಎರಡೇ ಮಾತಿನಲ್ಲಿ ಹೇಳಿದೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಇದನ್ನೇ ಒಂದು ಇಡೀ ಅವಧಿಗೆ ಬೆಳೆಸಬಹುದು.

ಮಿತಿಗಳೂ ಇದ್ದವು. ಸಮಯ 55 ನಿಮಿಷ ಮುಟ್ಟಿತು, ಮುಂದಿನ ಅವಧಿಯ ಗಣಿತದ ಸರ್ ಬಾಗಿಲಲ್ಲಿ ಕಾಯಬೇಕಾಯಿತು. ಮೌಲ್ಯಮಾಪನದ ಐದು ಪ್ರಶ್ನೆಗಳಲ್ಲಿ ಎರಡನ್ನಷ್ಟೇ ಕೇಳಿದೆ. ಮರಳು ತರಗತಿಯ ತುಂಬ ಹರಡಿ ಗುಡಿಸಿದ್ದು ನಾನೇ. ಗಂಟೆ ಹೊಡೆದ ಮೇಲೆ ಆ ಹುಡುಗ ಪೊರಕೆ ತಂದುಕೊಟ್ಟು ಕೇಳಿದ: “ನೆಲದ ಮೇಲೆ ಎಳೆದರು, ಸರಿ. ಮೇಲಕ್ಕೆ ಹೇಗೆ ಏರಿಸಿದರು ಮಿಸ್?” ಈಜಿಪ್ಟಿನ ಹತ್ನುಬ್ ಗಣಿಯಲ್ಲಿ ಖುಫುವಿನ ಕಾಲದ ಕಡಿದಾದ ಇಳಿಜಾರು ಹಾದಿಯೊಂದು, ಅದರ ಎರಡೂ ಬದಿಗೆ ಮೆಟ್ಟಿಲು, ಗೂಟ ನೆಟ್ಟ ಕುಳಿಗಳು ಸಿಕ್ಕಿರುವುದು 2018ರಲ್ಲಿ ಪ್ರಕಟವಾಗಿದೆ. ಅವನಿಗೆ ಅಷ್ಟನ್ನು ಹೇಳಿ, ಮುಂದಿನ ವಾರ ಒಂದು ಹಲಗೆಯನ್ನೂ ಹಗ್ಗವನ್ನೂ ತರಲು ಅವನಿಗೇ ಒಪ್ಪಿಸಿದ್ದೇನೆ.