ಬೆಳಕಿಂಡಿ ತೆರೆಯೋದು ಕೈಯಲ್ಲೋ, ಮೋಟರಲ್ಲೋ?

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಕೇಳುಗರೊಬ್ಬರು ತಮ್ಮ ಎರಡಂತಸ್ತಿನ ಮನೆಯ ಅಟ್ಟವನ್ನು ಮಗಳಿಗೆ ಮಲಗುವ ಕೋಣೆ ಮಾಡಿಸ್ತಿದ್ದಾರೆ. ಅಲ್ಲಿ ಇದಕ್ಕೆ ಲಾಫ್ಟ್ ಕನ್ವರ್ಷನ್ ಅಂತಾರೆ. ಇಳಿಜಾರು ಮಾಡಿನಲ್ಲಿ ಎರಡು ಬೆಳಕಿಂಡಿ ಬರುತ್ತವೆ, ಒಂದು ಕೋಣೆಯೊಳಗೆ, ಇನ್ನೊಂದು ಮೆಟ್ಟಿಲಿನ ನೆತ್ತಿಯ ಮೇಲೆ. "ಕೈಯಲ್ಲಿ ತೆರೆಯೋದು ಹಾಕಿಸಲಾ, ಕರೆಂಟಿನದಾ? ಕರೆಂಟಿನದಕ್ಕೆ ನೂರಾರು ಪೌಂಡ್ ಜಾಸ್ತಿ ಹೇಳ್ತಿದ್ದಾರೆ. ಅದು ಬರೀ ಷೋಕಿನಾ?" ಅಂತ ಕೇಳಿದ್ದಾರೆ.

ಷೋಕಿ ಹೌದೋ ಅಲ್ಲವೋ ಅನ್ನೋದು ಎರಡು ಕಿಂಡಿಗೂ ಒಂದೇ ಉತ್ತರವಲ್ಲ. ಯಾಕೆ ಅಂತ ಹೇಳೋಕೆ ಮೊದಲು ಗಾಳಿಯ ಲೆಕ್ಕ ನೋಡಬೇಕು.

ಬಿಸಿ ಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಇದು ಶಾಲೆಯಲ್ಲಿ ಓದಿದ್ದೇ. ಮನೆಯೊಳಗೆ 27 ಡಿಗ್ರಿ, ಹೊರಗೆ ಸಂಜೆಯ 20 ಡಿಗ್ರಿ ಇದೆ ಅಂದುಕೊಳ್ಳಿ. ಕೆಳಗಿನ ಕಿಟಕಿಗೂ ಮಾಡಿನ ಕಿಂಡಿಗೂ 5 ಮೀಟರ್ ಎತ್ತರದ ಅಂತರ. ಈ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಸುಮಾರು 1.4 ಪ್ಯಾಸ್ಕಲ್ ಮಾತ್ರ. ಅಂದರೆ 0.14 ಮಿಲಿಮೀಟರ್ ದಪ್ಪದ ನೀರಿನ ಪದರ ಎಷ್ಟು ಒತ್ತುತ್ತದೋ ಅಷ್ಟು. ಏನೂ ಅಲ್ಲ ಅನ್ನಿಸುತ್ತೆ. ಆದರೆ ಮೇಲೊಂದು ಕೆಳಗೊಂದು 0.3 ಚದರ ಮೀಟರಿನ ಬಾಯಿ ತೆರೆದಿದ್ದರೆ, ಅಷ್ಟೇ ಒತ್ತಡ ಸೆಕೆಂಡಿಗೆ ಹೆಚ್ಚುಕಡಿಮೆ 190 ಲೀಟರ್ ಗಾಳಿಯನ್ನು ಸಾಗಿಸಬಲ್ಲದು. 250 ಘನ ಮೀಟರ್ ಗಾಳಿ ಹಿಡಿಸುವ ಮನೆಗೆ ಲೆಕ್ಕ ಹಾಕಿದರೆ, ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಒಂದು ಮನೆಯಷ್ಟು ಹೊಸ ಗಾಳಿ. ಫ್ಯಾನ್ ಇಲ್ಲ, ಎಸಿ ಇಲ್ಲ, ಸದ್ದೂ ಇಲ್ಲ. ಇದಕ್ಕೆ ಚಿಮಣಿ ಪರಿಣಾಮ ಅಂತ ಹೆಸರು. ಮೈಸೂರು, ಮಲೆನಾಡು ಕಡೆಯ ತೊಟ್ಟಿ ಮನೆಗಳಲ್ಲಿ ತೊಟ್ಟಿಯ ಮೇಲಿನ ಬಯಲು ಮಾಡೋ ಕೆಲಸಗಳಲ್ಲಿ ಇದೂ ಒಂದು. ಅಲ್ಲಿ ಮುಚ್ಚೋ ತೆರೆಯೋ ತಾಪತ್ರಯವೇ ಇಲ್ಲ, ಅಷ್ಟೇ ವ್ಯತ್ಯಾಸ.

(ಚಳಿಗಾಲದಲ್ಲಿ ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇರೋದರಿಂದ ಈ ಎಳೆತ ಇನ್ನೂ ಜೋರು. ಕೆಳಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಘಾಟು ಸೀದಾ ಮೆಟ್ಟಿಲು ಹತ್ತಿ ಅಟ್ಟಕ್ಕೇ ಹೋಗುತ್ತೆ. ಅಟ್ಟದ ಕೋಣೆಯಲ್ಲಿ ಮಲಗಿದವರು ಕೆಮ್ಮೋದು ಇದೇ ಕಾರಣಕ್ಕೆ.)

ಈಗ ಮುಖ್ಯ ವಿಷಯಕ್ಕೆ ಬರೋಣ. 2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ನಿನಲ್ಲಿ ತಾಪಮಾನ 40 ದಾಟಿದ್ದು ಅಳತೆಗೆ ಸಿಕ್ಕಿದ್ದು ಆ ದಿನವೇ ಮೊದಲು. ಅಂಥ ಮಧ್ಯಾಹ್ನ "ಸೆಕೆ ತಡೆಯೋಕಾಗಲ್ಲ" ಅಂತ ಬೆಳಕಿಂಡಿ ತೆರೆದರೆ ಏನಾಗುತ್ತೆ? ಒಳಗೆ 29, ಹೊರಗೆ 38. ಈಗ ಒಳಗಿನ ಗಾಳಿಯೇ ಭಾರ. ಅದು ಕೆಳಗಿನ ಕಿಟಕಿಯಿಂದ ಸೋರಿ ಹೋಗುತ್ತೆ, ಅದರ ಜಾಗಕ್ಕೆ ಮಾಡಿನ ಮೇಲಿನ ಕಾದ ಗಾಳಿ ಕಿಂಡಿಯಿಂದ ಒಳಗಿಳಿಯುತ್ತೆ. ಚಿಮಣಿ ತಲೆಕೆಳಗಾಯಿತು! ಗಾಳಿ ಆಡುತ್ತಿದೆ ಅನ್ನೋ ಸಮಾಧಾನ ಬೇಕಾದರೆ ಸಿಗಬಹುದು. ಆದರೆ ಮನೆ ಮಾತ್ರ ಕಾಯುತ್ತಾ ಹೋಗುತ್ತೆ.

ಹಾಗಾಗಿ ಬೇಸಗೆಯಲ್ಲಿ ಕಿಂಡಿ ಕೆಲಸಕ್ಕೆ ಬರೋದು ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ. ಸಂಜೆ ಎಂಟೋ ಒಂಬತ್ತೋ ಗಂಟೆಯಿಂದ ಬೆಳಗ್ಗೆ ಏಳರವರೆಗೆ. ಆಮೇಲೆ ಮುಚ್ಚಬೇಕು. ಪ್ರತಿ ದಿನ. ಮಳೆ ಬಂದರೆ ಮಧ್ಯರಾತ್ರಿಯಲ್ಲೂ. ಕೈಯಲ್ಲೋ ಮೋಟರಲ್ಲೋ ಅನ್ನೋ ಪ್ರಶ್ನೆಯನ್ನು ನಾನು ಹೀಗೆ ತಿರುಗಿಸ್ತೀನಿ: ಈ ಕಿಂಡಿಯನ್ನು ಸರಿಯಾದ ಹೊತ್ತಿಗೆ ದಿನಕ್ಕೆರಡು ಸಲ ಯಾರು ಮುಟ್ತಾರೆ?

ಮಗಳ ಕೋಣೆಯ ಕಿಂಡಿ ತೊಗೊಳ್ಳಿ. ನಿಂತರೆ ಕೈಗೆ ಸಿಗುತ್ತೆ. ಇಂಥ ಕಡೆ ಸಾಮಾನ್ಯವಾಗಿ ಹಾಕೋದು ನಡುವೆ ತಿರುಗುವ ಚೌಕಟ್ಟು. ಗಾಜಿನ ತೂಕ ಸುಲಭದ ಲೆಕ್ಕ, ಒಂದು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಗಾಜು ಎರಡೂವರೆ ಕೆ.ಜಿ. ತಲಾ 4 ಮಿಲಿಮೀಟರಿನ ಮೂರು ಪದರ ಅಂದರೆ ಚದರ ಮೀಟರಿಗೆ 30 ಕೆ.ಜಿ. ಆಯಿತು. ಆದರೂ ಒಂದು ಕೈಯಲ್ಲಿ ತಿರುಗುತ್ತೆ. ಯಾಕಂದರೆ ಅರ್ಧ ಗಾಜು ಮೇಲೇರುವಾಗ ಇನ್ನರ್ಧ ಕೆಳಗಿಳಿಯುತ್ತೆ. ನಮ್ಮ ಊರಿನ ಬಾವಿಯ ಏತ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಮೋಟರಿಗೆ ದುಡ್ಡು ಹಾಕೋದು ನನ್ನ ಪ್ರಕಾರ ದಂಡ. ಕೆಡೋ ಭಾಗವಿಲ್ಲ, ರಿಮೋಟ್ ಹುಡುಕೋ ಕಷ್ಟವಿಲ್ಲ.

ಮೆಟ್ಟಿಲ ಮೇಲಿನದು ಬೇರೆ ಕಥೆ. ಇಡೀ ಮನೆಯ ಬಿಸಿ ಬಂದು ಸೇರೋ ಜಾಗ ಅದೇ, ಹಾಗಾಗಿ ಎರಡರಲ್ಲಿ ಹೆಚ್ಚು ಕೆಲಸ ಮಾಡೋದೂ ಅದೇ. ಕೈಗೆ ಎಟುಕದ್ದೂ ಅದೇ. ತುದಿಗೆ ಕೊಕ್ಕೆ ಇರುವ ಉದ್ದ ಕೋಲು ಕೊಡ್ತಾರೆ ನಿಜ. ಆದರೆ ರಾತ್ರಿ ಎರಡು ಗಂಟೆಗೆ ಮಳೆ ಹನಿಯೋ ಸದ್ದು ಕೇಳಿ, ನಿದ್ದೆಗಣ್ಣಲ್ಲಿ, ಕಡಿದಾದ ಮೆಟ್ಟಿಲ ಮೇಲೆ ನಿಂತು ತಲೆ ಎತ್ತಿ ಕೊಕ್ಕೆ ಸಿಕ್ಕಿಸೋದನ್ನು ಕಲ್ಪಿಸಿಕೊಳ್ಳಿ. ಎರಡು ಸಲ ಮಾಡ್ತೀವಿ, ಮೂರನೇ ಸಲ "ಮುಚ್ಚೇ ಇರಲಿ ಬಿಡು" ಅಂತೀವಿ. ಅಲ್ಲಿಗೆ ಅದು ಬರೀ ಗಾಜು. ಇಲ್ಲಿ ಮೋಟರ್ ಷೋಕಿ ಅಲ್ಲ.

ಆ ಮೋಟರ್ ಕೆಲಸ ಮಾಡೋ ರೀತಿ ಚೆನ್ನಾಗಿದೆ. ಒಳಗೆ ಸೈಕಲ್ ಚೈನಿನಂಥದ್ದೊಂದು ಸರಪಳಿ. ಅದು ಒಂದೇ ಕಡೆಗೆ ಬಗ್ಗುತ್ತೆ. ಡಬ್ಬಿಯೊಳಗೆ ಸುರುಳಿ ಸುತ್ತಿಕೊಳ್ಳುತ್ತೆ, ಹೊರಗೆ ಬಂದಾಗ ಕೋಲಿನಂತೆ ನೆಟ್ಟಗೆ ನಿಂತು ಚೌಕಟ್ಟನ್ನು ತಳ್ಳುತ್ತೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ. 30 ವ್ಯಾಟಿನ ಮೋಟರ್ ದಿನಕ್ಕೆ ಎರಡು ನಿಮಿಷ ಓಡಿದರೆ ವರ್ಷಕ್ಕೆ ಅರ್ಧ ಯೂನಿಟ್ ಕೂಡ ಆಗಲ್ಲ. ತಮಾಷೆ ಅಂದರೆ, ರಿಮೋಟಿನ ಸಂಕೇತಕ್ಕಾಗಿ ಕಾಯುತ್ತಾ ಸುಮ್ಮನೆ ಕೂತಿರೋ ಪೆಟ್ಟಿಗೆ ಒಂದೇ ಒಂದು ವ್ಯಾಟ್ ಎಳೆದರೂ ವರ್ಷಕ್ಕೆ 8.76 ಯೂನಿಟ್. ಓಡೋದಕ್ಕಿಂತ ಕಾಯೋದಕ್ಕೇ ಇಪ್ಪತ್ತು ಪಟ್ಟು ಹೆಚ್ಚು!

ತಂತಿ ಎಳೆಯೋದಾ, ಸೋಲಾರಾ? ಗೋಡೆ, ಸೀಲಿಂಗ್ ಹೇಗೂ ಬಿಚ್ಚಿದ್ದರೆ ಈಗಲೇ ತಂತಿ ಎಳೆಸಿ. ಹೊಸ ಸರ್ಕ್ಯೂಟ್ ಬೇಕಾದರೆ ನೋಂದಾಯಿತ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಕೆಲಸ ಮುಗಿದ ಮನೆಯಾದರೆ ಸೋಲಾರಿನದು ಸಲೀಸು. ಚೌಕಟ್ಟಿನ ಮೇಲೆ ಚಿಕ್ಕ ಫಲಕ, ಒಳಗೆ ಬ್ಯಾಟರಿ. ಬ್ಯಾಟರಿಗೆ ಒಂದು ದಿನ ವಯಸ್ಸಾಗುತ್ತೆ, ಆಗ ಏಣಿ ಹಾಕಬೇಕು. ಆದರೆ ಇನ್ನೊಂದು ಲಾಭ ಇದೆ. ಇಂಗ್ಲೆಂಡಿನಲ್ಲಿ ಕರೆಂಟ್ ಹೋಗೋದು ನಮ್ಮೂರಿನಷ್ಟು ಅಲ್ಲ, ಆದರೆ ಹೋಗೋದು ಹೆಚ್ಚಾಗಿ ಬಿರುಗಾಳಿಯ ದಿನ. 2021ರ ನವೆಂಬರಿನ ಆರ್ವೆನ್ ಬಿರುಗಾಳಿಯಲ್ಲಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಸಾವಿರಾರು ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಕಿಂಡಿ ಮುಚ್ಚಲೇಬೇಕಾದ ದಿನವೇ ಕರೆಂಟ್ ಇಲ್ಲ ಅಂದರೆ? ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ತೆರೆದಿದ್ದಾಗ ಕರೆಂಟ್ ಹೋದರೆ ಕೈಯಲ್ಲಿ ಮುಚ್ಚಬಹುದಾ, ಹೇಗೆ?

ಮಳೆ ಸೆನ್ಸರ್ ಬಗ್ಗೆಯೂ ಒಂದು ಮಾತು. ಪುಟ್ಟ ಫಲಕದ ಮೇಲೆ ಹಣಿಗೆಯ ಹಲ್ಲಿನಂತೆ ಲೋಹದ ಗೆರೆಗಳು. ಹನಿ ಬಿದ್ದರೆ ಅವುಗಳ ನಡುವಿನ ವಿದ್ಯುತ್ ಗುಣ ಬದಲಾಗುತ್ತೆ, ಮೋಟರ್ ಮುಚ್ಚುತ್ತೆ. ಒಳ್ಳೆಯದೇ. ಆದರೆ ನಾಲ್ಕು ಹನಿ ತುಂತುರಿಗೆ ಮುಚ್ಚಿಕೊಂಡ ಕಿಂಡಿ ಮತ್ತೆ ತಾನಾಗಿ ತೆರೆಯುತ್ತಾ ಅಂತ ವಿಚಾರಿಸಿ. ಇಲ್ಲದಿದ್ದರೆ ಸೆಕೆಯ ರಾತ್ರಿಯೆಲ್ಲ ಮುಚ್ಚಿಯೇ ಇರುತ್ತೆ. "ತಾಪಮಾನ ನೋಡಿ ತಾನೇ ತೆರೆಯುತ್ತೆ" ಅಂತ ಮಾರೋ ವ್ಯವಸ್ಥೆಯಾದರೆ, ಅದು ಹೊರಗಿನ ತಾಪಮಾನವನ್ನೂ ನೋಡುತ್ತಾ ಅಂತ ಕೇಳಿ. ಒಳಗಿನದನ್ನು ಮಾತ್ರ ನೋಡೋ ಯಂತ್ರ 38 ಡಿಗ್ರಿಯ ಮಧ್ಯಾಹ್ನ ಸಂತೋಷವಾಗಿ ಬಾಗಿಲು ತೆರೆದು ಬಿಸಿಗಾಳಿಯನ್ನು ಬರಮಾಡಿಕೊಳ್ಳುತ್ತೆ.

ದುಡ್ಡು ಉಳಿದರೆ ಎಲ್ಲಿ ಹಾಕಬೇಕು? ಮಗಳ ಕೋಣೆಯ ಕಿಂಡಿಗೆ ಹೊರಗಡೆ ಪರದೆ. ಲಂಡನ್ ಕಡೆ ಜೂನ್ ಮಧ್ಯಾಹ್ನ ಸೂರ್ಯ ಸುಮಾರು 62 ಡಿಗ್ರಿ ಎತ್ತರದಲ್ಲಿರ್ತಾನೆ. ದಕ್ಷಿಣಕ್ಕೆ 40 ಡಿಗ್ರಿ ಇಳಿಜಾರಿರುವ ಮಾಡಿನ ಗಾಜಿಗೆ ಬಿಸಿಲು ಹೆಚ್ಚುಕಡಿಮೆ ನೇರವಾಗೇ ಬೀಳುತ್ತೆ. ಅದೇ ದಿಕ್ಕಿನ ಗೋಡೆ ಕಿಟಕಿಗೆ ಬೀಳೋದರ ಎರಡು ಪಟ್ಟು. ಒಳಗಿನ ಪರದೆ ಎಳೆದರೆ ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತೆ. ಹೊರಗಿನದು ಬಾಗಿಲಲ್ಲೇ ತಡೆಯುತ್ತೆ. ಇಂಗ್ಲೆಂಡಿನಲ್ಲಿ 2022ರ ಜೂನ್‌ನಿಂದ ಹೊಸ ಮನೆಗಳು ಅತಿಯಾಗಿ ಕಾಯದಂತೆ ಕಟ್ಟಬೇಕು ಅನ್ನೋ ನಿಯಮ ಇದೆ, ಪಾರ್ಟ್ ಓ ಅಂತ. ಆದರೆ ಹಳೇ ಮನೆಯ ಅಟ್ಟಕ್ಕೆ ಅದು ಅನ್ವಯಿಸೋದಿಲ್ಲ. ಬಿಲ್ಡರ್ ತಾನಾಗಿ ಈ ಮಾತು ಎತ್ತಲಿಕ್ಕಿಲ್ಲ, ನೀವೇ ಎತ್ತಬೇಕು.

ಹಾಂ, ಬೆಂಕಿಯ ವಿಚಾರ. ಮೂರನೇ ಹಂತದ ಕೋಣೆಯಿಂದ ತಪ್ಪಿಸಿಕೊಳ್ಳೋ ದಾರಿ ಮೆಟ್ಟಿಲು, ಬೆಳಕಿಂಡಿ ಅಲ್ಲ. ಮೆಟ್ಟಿಲಿಗೆ ಬೆಂಕಿ ತಡೆಯೋ ಬಾಗಿಲುಗಳು ಯಾವುವು ಬೇಕು ಅನ್ನೋದನ್ನು ಬಿಲ್ಡಿಂಗ್ ಕಂಟ್ರೋಲ್‌ನವರ ಹತ್ತಿರ ಕೇಳಿಕೊಂಡೇ ಕಿಂಡಿಗೆ ಆರ್ಡರ್ ಕೊಡಿ.

ನಿಮ್ಮ ಅಟ್ಟದಲ್ಲೂ ಬೆಳಕಿಂಡಿ ಇದ್ದರೆ, ಈ ಬೇಸಗೆಯಲ್ಲಿ ಸಂಜೆ ತೆರೆದ ಮೇಲೆ ಒಂದು ಊದುಬತ್ತಿ ಹಚ್ಚಿ ಅದರ ಕೆಳಗೆ ಹಿಡಿದು ನೋಡಿ. ಹೊಗೆ ಯಾವ ಕಡೆ ಹೋಯಿತು, ಆಗ ಒಳಗೆ ಹೊರಗೆ ಎಷ್ಟು ಡಿಗ್ರಿ ಇತ್ತು ಅಂತ ನಮಗೆ ಬರೆದು ಕಳಿಸಿ. ಸ್ಮೋಕ್ ಅಲಾರಂನಿಂದ ಮಾತ್ರ ಸ್ವಲ್ಪ ದೂರ ನಿಂತು ಮಾಡಿ.